ವ್ಯಾನಿಗೆ ಯಾವ ಬ್ಯಾಟರಿ? ಮೂರನ್ನೂ ಬಳಸಿ ನೋಡಿದ ಮೇಲೆ

ನಮ್ಮ ಟೆಂಪೋ ಟ್ರಾವೆಲರ್ ಅನ್ನು ಕ್ಯಾಂಪರ್ (ಒಳಗೇ ಮಲಗಿ ತಂಗುವ ವ್ಯಾನ್) ಮಾಡಿಸಿ ಐದು ವರ್ಷ ಆಯ್ತು. ಇಂಜಿನ್ನಿಗೆ ಒಂದು ಬ್ಯಾಟರಿ, ಒಳಗಿನ ಫ್ರಿಜ್, ಫ್ಯಾನ್, ಲೈಟಿಗೆ ಇನ್ನೊಂದು. ಈ ಎರಡನೆಯದರ ಜಾಗಕ್ಕೆ ಇಷ್ಟು ದಿನದಲ್ಲಿ ಮೂರು ಬಗೆ ಹಾಕಿ ನೋಡಿದ್ದೇನೆ.

ಮೊದಲು ಹಾಕಿದ್ದು ಮನೆ ಯುಪಿಎಸ್‌ಗೆ ಇಡುವ 150 ಆಂಪಿಯರ್ ಅವರ್ (ಎಷ್ಟು ಕರೆಂಟ್ ಹಿಡಿದಿಡುತ್ತದೆ ಎನ್ನುವ ಅಳತೆ) ಟ್ಯೂಬುಲರ್, ಅಂದರೆ ಆಗಾಗ ನೀರು ಹಾಕಬೇಕಾದ ಸೀಸ-ಆಸಿಡ್ ಬ್ಯಾಟರಿ. ಬೆಲೆ ಕಮ್ಮಿ, ಸಣ್ಣ ಊರಲ್ಲೂ ಸಿಗುತ್ತದೆ. ಆದರೆ ಮನೆಯಲ್ಲಿ ಅದು ಒಂದು ಮೂಲೆಯಲ್ಲಿ ಅಲುಗಾಡದೆ ಕೂತಿರುತ್ತದೆ, ವ್ಯಾನಿನಲ್ಲಿ ಹಾಗಲ್ಲವಲ್ಲ. ಶಿರಾಡಿ ಘಾಟಿ ಇಳಿದ ದಿನ ಬ್ಯಾಟರಿ ಮೇಲಿನ ಮಂಚದ ಹಲಗೆ ಎತ್ತಿದರೆ ಮುಚ್ಚಳಗಳ ಸುತ್ತ ಆಸಿಡ್ ಒದ್ದೆ. ಟರ್ಮಿನಲ್ ಮೇಲೆ ಬೆರಳು ದಪ್ಪ ಬಿಳಿ-ಹಸಿರು ಪುಡಿ. ಕೂರಿಸಿಕೊಟ್ಟವರು ಗಾಳಿ ಹೊರಹೋಗಲು ಒಂದು ಪೈಪೂ ಬಿಟ್ಟಿರಲಿಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಗಾಳಿಯಲ್ಲಿ ಶೇಕಡಾ 4ರಷ್ಟು ಸೇರಿದರೂ ಒಂದು ಕಿಡಿ ಸಾಕು. ಆ ಮಂಚದ ಮೇಲೆ ನಮ್ಮ ಮಕ್ಕಳು ಮಲಗುತ್ತಿದ್ದರು.

ಅವತ್ತು ಕನ್ನಡಕ, ಗ್ಲೌಸ್ ಹಾಕಿ, ಮೊದಲು ನೆಗೆಟಿವ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಟರ್ಮಿನಲ್ ತೊಳೆದೆ. ಒಣಗಿದ ಮೇಲೆ ವ್ಯಾಸಲಿನ್ ಸವರಿದೆ. ಮನೆಗೆ ಬಂದವನೇ ಅದನ್ನು ತೆಗೆದೆ. ಜನ ಮಲಗುವ ಜಾಗದಲ್ಲಿ ಟ್ಯೂಬುಲರ್ ಬೇಡವೇ ಬೇಡ.

ಆಮೇಲೆ 100 ಆಂಪಿಯರ್ ಅವರ್ ಎಜಿಎಂ, ಅಂದರೆ ಆಸಿಡ್ ಅನ್ನು ಗಾಜಿನ ನಾರಿನ ಹಾಳೆ ಹೀರಿಕೊಂಡಿರುವ ಮುಚ್ಚಿದ ಬ್ಯಾಟರಿ. ನೀರು ಹಾಕುವ ಕೆಲಸವಿಲ್ಲ, ಚೆಲ್ಲುವ ಭಯವಿಲ್ಲ. ಆದರೆ ಇದೂ ಸೀಸದ್ದೇ, ಅರ್ಧದ ಕೆಳಗೆ ಇಳಿಸಿದಷ್ಟೂ ಆಯಸ್ಸು ಕಮ್ಮಿ. ಅಂದರೆ ಕೈಗೆ ಸಿಗುವುದು 50. ಫ್ರಿಜ್ ಒಂದೇ ದಿನಕ್ಕೆ 35 ತಿನ್ನುತ್ತದೆ. ಚಿಕ್ಕಮಗಳೂರಿನ ಮಳೆಯಲ್ಲಿ ಸೋಲಾರ್ ಏನೂ ಕೊಡಲಿಲ್ಲ, ಮೂರನೇ ಬೆಳಿಗ್ಗೆ ಮೀಟರ್ 11.8 ವೋಲ್ಟ್ ತೋರಿಸಿತು. ಲೋಡ್ ಇಲ್ಲದೆ 12.1ಕ್ಕೆ ಬಂದಾಗಲೇ ನಿಲ್ಲಿಸಬೇಕಿತ್ತು. ಹೀಗೆ ನಾಲ್ಕೈದು ಸಲ ಆದ ಮೇಲೆ ಬ್ಯಾಕಪ್ ಕುಸಿಯಿತು.

ಈಗಿರುವುದು ಲಿಥಿಯಂ ಐರನ್ ಫಾಸ್ಫೇಟ್, ಅದೇ 100. ಎಜಿಎಂ ಸುಮಾರು 30 ಕಿಲೋ ಇತ್ತು, ಇದು 12. ಶೇಕಡಾ 80 ಆರಾಮಾಗಿ ಬಳಸಬಹುದು. ನನಗೆ ಇದೇ ಇಷ್ಟ. ಆದರೆ ಸುಮ್ನೆ ಹಳೆಯದು ತೆಗೆದು ಇದನ್ನು ಕೂರಿಸಿದರೆ ಅಪಾಯ. ನಾನು ಎರಡೂ ಬ್ಯಾಟರಿಗಳನ್ನು ನೇರ ಜೋಡಿಸುವ ಹಳೆಯ ರಿಲೇಯಲ್ಲೇ (ಒಂದು ಬಗೆಯ ಸ್ವಿಚ್) ಓಡಿಸಿದ್ದೆ. ತುಮಕೂರು ದಾಟುವಷ್ಟರಲ್ಲಿ ಕೇಬಲ್ ಮುಟ್ಟಲಾಗದಷ್ಟು ಸುಡುತ್ತಿತ್ತು. ಖಾಲಿ ಲಿಥಿಯಂ, ಇಂಜಿನ್ ಓಡುವಾಗ ಕರೆಂಟ್ ಕೊಡುವ ಆಲ್ಟರ್ನೇಟರ್‌ನಿಂದ ಸಿಕ್ಕಷ್ಟೂ ಕರೆಂಟ್ ಎಳೆಯುತ್ತದೆ, ಆಲ್ಟರ್ನೇಟರ್ರೇ ಸುಟ್ಟುಹೋಗಬಹುದು. ಮಧ್ಯೆ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ (ಎಳೆಯುವ ಕರೆಂಟಿಗೆ ಮಿತಿ ಹಾಕುವ ಪೆಟ್ಟಿಗೆ) ಹಾಕಿದ ಮೇಲೆ ಕೇಬಲ್ ತಣ್ಣಗಿದೆ. ಪಾಸಿಟಿವ್‌ನಿಂದ ಗೇಣುದ್ದದೊಳಗೆ ಫ್ಯೂಸ್ ಇದೆ. ಇದು ಮೂರು ಬಗೆಗೂ ಬೇಕೇ ಬೇಕು.

ವೋಲ್ಟ್ ಮೀಟರ್ ನಂಬಿಕೊಂಡರೆ ಲಿಥಿಯಂ ಮೋಸ ಮಾಡುತ್ತದೆ. ತುಂಬ ಹೊತ್ತು 13.2ರ ಆಸುಪಾಸಲ್ಲೇ ನಿಂತು, ಕೊನೆಗೆ ಒಮ್ಮೆಲೇ ಬೀಳುತ್ತದೆ. ಅದಕ್ಕೇ ಶಂಟ್ (ಹೋಗಿಬರುವ ಕರೆಂಟ್ ಅಳೆಯಲು ಬಳಸುವ ಪಟ್ಟಿ) ಇರುವ ಮೀಟರ್ ಹಾಕಿಸಿದ್ದೇನೆ. ದುಡ್ಡು ಜಾಸ್ತಿ ಆಯಿತು, ನಿಜ. ವರ್ಷಕ್ಕೆ ಎರಡೇ ಸಲ, ಅದೂ ಕರೆಂಟ್ ಪಾಯಿಂಟ್ ಇರುವ ಕಡೆ ತಂಗುವವರಿಗೆ ಎಜಿಎಂ ಸಾಕು.

ಈ ಮಳೆಗಾಲ ವ್ಯಾನ್ ಶೆಡ್ಡಿನಲ್ಲಿದೆ. ಲಿಥಿಯಂ ಅನ್ನು ಅರ್ಧ ಚಾರ್ಜಿನಲ್ಲಿಟ್ಟು ಮೇನ್ ಸ್ವಿಚ್ ಆಫ್ ಮಾಡಿದ್ದೇನೆ. ಎಜಿಎಂ ಇದ್ದಾಗ ಪೂರ್ತಿ ತುಂಬಿಸಿ, ತಿಂಗಳಿಗೊಮ್ಮೆ ಮತ್ತೆ ಚಾರ್ಜಿಗೆ ಹಾಕುತ್ತಿದ್ದೆ.