ಗಾಂಧಿ ಹತ್ತು ರೂಪಾಯಿ: ಬೆಳ್ಳಿ ನಾಣ್ಯ ಸಂಗ್ರಹಕ್ಕೆ ಇದೇ ಮೊದಲಾಗಲಿ

ಬೆಳ್ಳಿಯ ಸ್ಮರಣಾರ್ಥ ನಾಣ್ಯ ಕೂಡಿಡಬೇಕು, ಯಾವುದು ಮೊದಲು ತಗೊಳ್ಳಲಿ ಅಂತ ಕೇಳುವವರಿಗೆಲ್ಲ ನಾನು ಹೇಳುವುದು ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ. 1969ರದು. ತೂಕ 15 ಗ್ರಾಂ, ಅಡ್ಡಳತೆ 34 ಮಿ.ಮೀ., ಬೆಳ್ಳಿ ಶೇ. 80. ಅಂದರೆ 12 ಗ್ರಾಂ ಅಪ್ಪಟ ಬೆಳ್ಳಿ. 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ ಬಂದ ಹತ್ತು ರೂಪಾಯಿ ಇದಕ್ಕಿಂತ ಅಗಲ, 22.5 ಗ್ರಾಂ ತೂಗುತ್ತದೆ. ಆದರೆ ಅಷ್ಟರಲ್ಲಿ ಬೆಳ್ಳಿಯ ಪಾಲು ಶೇ. 50ಕ್ಕೆ ಇಳಿದಿತ್ತು. ಲೆಕ್ಕ ಹಾಕಿದರೆ 11.25 ಗ್ರಾಂ ಅಷ್ಟೇ. ಗಾತ್ರ ನೋಡಿ ದುಡ್ಡು ಕೊಡಬೇಡಿ.

ನನ್ನದನ್ನು ಬೆಂಗಳೂರಿನ ಅವೆನ್ಯೂ ರಸ್ತೆ ಕಡೆಯ ಒಂದು ಪುಟ್ಟ ಅಂಗಡಿಯಲ್ಲಿ ಕೊಂಡೆ. ಅಂಗಡಿಯವರು ಎರಡು ನಾಣ್ಯ ಪಕ್ಕಪಕ್ಕ ಇಟ್ಟರು. ಒಂದು ಥಳಥಳ, ಇನ್ನೊಂದು ಕಪ್ಪು. ಹೊಳೆಯುವುದನ್ನು ಲೆನ್ಸಿನಡಿ ಹಿಡಿದರೆ ಗಾಂಧಿಯವರ ಕೆನ್ನೆಯ ಮೇಲೆಲ್ಲ ಕೂದಲೆಳೆಯಂಥ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ. "ಇದು ಪಾಲಿಷ್ ಆಗಿದೆ ಸಾರ್, ಬೆಳ್ಳಿ ರೇಟಿಗೇ ಕೊಡ್ತೀನಿ" ಅಂತ ನಾನು ಕೇಳುವ ಮೊದಲೇ ಅವರೇ ಹೇಳಿದರು. ಉಜ್ಜಿ ಹೊಳಪು ಕೊಟ್ಟರೆ ಸಂಗ್ರಹದ ಬೆಲೆ ಹೋಗುತ್ತದೆ; ಈ ವ್ಯಾಪಾರದಲ್ಲಿ ಇಂಥ ಮಾತಿಗೆ ಬೆಲೆ ಕಟ್ಟಲಾಗದು. ಕಪ್ಪಾಗಿದ್ದುದನ್ನೇ ತಗೊಂಡೆ. ಅಂಚಿನ ಸುತ್ತ ನೀಲಿ ಬೆರೆತ ಬೂದು ಬಣ್ಣ, ಕಿವಿಯ ಮಡಿಕೆ ಇನ್ನೂ ಸವೆದಿಲ್ಲ. ಗಾಳಿಯ ಗಂಧಕ ಹತ್ತಿ ಬೆಳ್ಳಿ ಹೀಗಾಗುತ್ತದೆ. ದೇವರ ದೀಪ ಬೆಳಗಿದ ಹಾಗೆ ಹುಣಸೆಹಣ್ಣು, ಹಲ್ಲುಪುಡಿ ಹಾಕಿ ಇದನ್ನು ದಯವಿಟ್ಟು ಉಜ್ಜಬೇಡಿ.

ನಾಣ್ಯದ ಮೇಲೆ 1969 ಎಂದು ಎಲ್ಲೂ ಇಲ್ಲ, 1869–1948 ಎಂದಿದೆ. ಅದನ್ನೇ ಹಿಡಿದು "1948ರ ಅಪರೂಪದ ನಾಣ್ಯ" ಎಂದು ದುಪ್ಪಟ್ಟು ಹೇಳುವವರನ್ನು ನೋಡಿ ನನಗೆ ಸಿಟ್ಟೇ ಬರುತ್ತದೆ. ಇಸವಿಯ ಕೆಳಗೆ ವಜ್ರಾಕಾರದ ಚುಕ್ಕಿ ಇದ್ದರೆ ಮುಂಬೈ ಟಂಕಸಾಲೆ, ಏನೂ ಇಲ್ಲದಿದ್ದರೆ ಕೋಲ್ಕತ್ತ, 'ಬಿ' ಅಕ್ಷರ ಇದ್ದರೆ ಮುಂಬೈಯ ಪ್ರೂಫ್, ಅಂದರೆ ಸಂಗ್ರಾಹಕರಿಗೆಂದೇ ವಿಶೇಷವಾಗಿ ಟಂಕಿಸಿದ್ದು. ಹೆಚ್ಚಾಗಿ ಸಿಗುವುದು ಮುಂಬೈಯದು.

ಇದೇ ಸರಣಿಯ ಒಂದು ರೂಪಾಯಿ ನಿಕ್ಕಲ್ಲಿನದು, ಆಯಸ್ಕಾಂತಕ್ಕೆ ಅಂಟುತ್ತದೆ, ಬೆಳ್ಳಿಯದು ಅಂಟುವುದಿಲ್ಲ. ಆದರೆ ಆಯಸ್ಕಾಂತ ಒಂದನ್ನೇ ನಂಬಬೇಡಿ, ತಾಮ್ರ-ನಿಕ್ಕಲ್ ಮಿಶ್ರಲೋಹವೂ ಅಂಟುವುದಿಲ್ಲ. ತೂಕ ಹಾಕಿಸಿ. ಅಕ್ಷರದ ಅಂಚು ಮೊಂಡಾಗಿ, ಮೈಮೇಲೆ ಸಣ್ಣ ಗುಳಿಗಳಿದ್ದರೆ ಅಚ್ಚಿನಲ್ಲಿ ಎರಕ ಹೊಯ್ದ ನಕಲಿ ಇರಬಹುದು.

ಕೊರತೆ ಎಂದರೆ ಇದು ಅಪರೂಪದ್ದಲ್ಲ. ನಾಳೆ ಮಾರಿ ಲಾಭ ಮಾಡುವ ಆಸೆಯಿದ್ದರೆ ಬೇರೆ ದಾರಿ ನೋಡಿ. ಇನ್ನೊಂದು, ಅಂಗಡಿಯವರು ಕೊಟ್ಟದ್ದು ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರು. ವರ್ಷಗಳು ಕಳೆದರೆ ಅದರಿಂದ ಹಸಿರು ಜಿಡ್ಡು ಬಿಟ್ಟು ಬೆಳ್ಳಿಯನ್ನೇ ತಿನ್ನುತ್ತದೆ. ಮನೆಗೆ ಬಂದ ಕೂಡಲೇ ಗಟ್ಟಿ ಅಕ್ರಿಲಿಕ್ ಡಬ್ಬಿಗೆ ಹಾಕಿ, ಅಂಚು ಹಿಡಿದೇ ಎತ್ತಿ.