ಆ 72 ಗಂಟೆಗಳನ್ನು ಕಳೆದುಕೊಳ್ಳಬೇಡಿ

ಇದನ್ನು ಮುಖ್ಯವಾಗಿ ನನ್ನಂತಹ ಮಂಗಳಮುಖಿಯರಿಗಾಗಿ ಬರೆಯುತ್ತಿದ್ದೇನೆ. ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರೂ ಓದಿದರೆ ನನಗೆ ಇನ್ನಷ್ಟು ಸಮಾಧಾನ. ನನಗೆ ಎಚ್‌ಐವಿ ಸೋಂಕು ಇದೆ. ಅದನ್ನು ತಡೆಯಲು ನನ್ನ ಕೈಯಲ್ಲಿ ಮೂರು ಹಗಲು, ಮೂರು ರಾತ್ರಿ ಇದ್ದವು. ಅಷ್ಟೂ ಹೊತ್ತನ್ನು ಒಂದು ಆಸ್ಪತ್ರೆಯಲ್ಲಿ ಆದ ಅವಮಾನವನ್ನು ನುಂಗಿಕೊಂಡು ಮನೆಯ ಮೂಲೆಯಲ್ಲಿ ಮಲಗಿ ಕಳೆದೆ.

ಮೂರು ವರ್ಷಗಳ ಹಿಂದೆ, ಒಂದು ರಾತ್ರಿ ಹೆದ್ದಾರಿಯ ಬೈಪಾಸಿನ ಬಳಿ ಇಬ್ಬರು ನನ್ನ ಮೇಲೆ ಬಲವಂತ ಮಾಡಿದರು. ಕಾಂಡೋಮ್ ನನ್ನ ಚೀಲದಲ್ಲೇ ಇತ್ತು. ಬಳಸಿ ಎಂದು ಬೇಡಿಕೊಂಡರೂ ಕೇಳಲಿಲ್ಲ. ಆ ರಾತ್ರಿಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ. ಇಂತಹದ್ದು ನಡೆದರೆ ಕೂಡಲೇ ನುಂಗಬೇಕಾದ ಮಾತ್ರೆಗಳಿವೆ ಎಂದು ಸಮುದಾಯದ ಸಭೆಯೊಂದರಲ್ಲಿ ಪೀರ್ ಎಜುಕೇಟರ್ (ನಮ್ಮವರಿಗೆ ಆರೋಗ್ಯದ ತಿಳಿವಳಿಕೆ ಕೊಡುವ ನಮ್ಮ ಸಮುದಾಯದವಳೇ) ಹೇಳಿದ್ದು ಮಾತ್ರ ನೆನಪಿತ್ತು, ಅವುಗಳ ಹೆಸರು ನೆನಪಿರಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಹೋದೆ.

ಆಧಾರ್ ಕಾರ್ಡಿನಲ್ಲಿ ಆಗಿನ್ನೂ ನನ್ನ ಹಳೆಯ ಹೆಸರೇ ಇತ್ತು. ಕೌಂಟರಿನಲ್ಲಿದ್ದವರು ಆ ಗಂಡು ಹೆಸರನ್ನು ಹಾಲ್ ತುಂಬ ಕೇಳುವಂತೆ ಮೂರು ಸಲ ಕೂಗಿದರು, ಸೀರೆ ಉಟ್ಟಿದ್ದ ನಾನು ಎದ್ದು ನಿಂತಾಗ ಕುಳಿತವರೆಲ್ಲ ತಿರುಗಿ ನೋಡಿದರು, ಕೆಲವರು ನಕ್ಕರು. ಒಳಗೆ ವೈದ್ಯರು ತಮ್ಮ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ನಾನು ಹೇಳಿದ್ದನ್ನು ಪೂರ್ತಿ ಕೇಳದೆ, "ನಿಮ್ಮಂಥವರಿಗೆ ಇದೆಲ್ಲ ಮಾಮೂಲು ತಾನೆ?" ಎಂದರು. ಏನು ಪರೀಕ್ಷೆ ಎಂದು ಹೇಳದೆಯೇ ರಕ್ತ ತೆಗೆದರು. ಅರ್ಧ ಗಂಟೆಯ ಮೇಲೆ ಸಿಬ್ಬಂದಿಯೊಬ್ಬರು ಕಾರಿಡಾರಿನ ಆ ತುದಿಯಿಂದ, "ಎಚ್‌ಐವಿ ಟೆಸ್ಟ್‌ನವರು ಯಾರು?" ಎಂದು ಕೂಗಿದರು. ವರದಿ ನೆಗೆಟಿವ್ ಎಂದಿತ್ತು. "ಏನೂ ಇಲ್ಲ, ಹೋಗು" ಎಂದರು ವೈದ್ಯರು. ಮಾತ್ರೆಯ ವಿಷಯ ಎತ್ತಿದರೆ ಉತ್ತರವೇ ಬರಲಿಲ್ಲ. ನಾನು ಎದ್ದ ಕೂಡಲೇ ವಾರ್ಡ್ ಬಾಯ್ ಫಿನಾಯಿಲ್ ಬಟ್ಟೆ ತಂದು ಬೆಂಚು ಒರೆಸತೊಡಗಿದ. ನನ್ನ ಸೆರಗಿನ ತುದಿ ಇನ್ನೂ ಬೆಂಚಿನ ಮೇಲೆಯೇ ಇತ್ತು, ಅದು ಒದ್ದೆಯಾಯಿತು. ಮನೆಗೆ ಬರುವವರೆಗೂ ಆ ವಾಸನೆ ನನ್ನ ಜೊತೆಗೇ ಬಂತು.

ಆ ಬೆಳಿಗ್ಗೆ ನೆಗೆಟಿವ್ ಬಂದದ್ದಕ್ಕೆ ಹಿಂದಿನ ರಾತ್ರಿ ನನ್ನ ಮೈಗೆ ಏನೂ ಸೇರಿಲ್ಲ ಎಂಬ ಅರ್ಥವಿರಲಿಲ್ಲ, ಏಕೆಂದರೆ ಸೋಂಕು ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಲು ವಾರಗಳು ಬೇಕು. ಆ ವರದಿಯಿಂದ ತಿಳಿಯುತ್ತಿದ್ದುದು ಇಷ್ಟೇ: ನನಗೆ ಅದುವರೆಗೆ ಸೋಂಕು ಇರಲಿಲ್ಲ, ಆದ್ದರಿಂದ ತಡೆಯುವ ಮಾತ್ರೆಗಳನ್ನು ಅದೇ ಗಳಿಗೆಯಲ್ಲಿ ಶುರು ಮಾಡಬೇಕಿತ್ತು. ಪೆಪ್ ಎಂದು ಕರೆಯುವ ಆ ಮಾತ್ರೆಗಳನ್ನು ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. 72 ಗಂಟೆ ಮೀರಿದ ಮೇಲೆ ಅವುಗಳನ್ನು ಕೊಡುವುದಿಲ್ಲ, ಶುರು ಮಾಡಿದರೆ 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಇದಾವುದೂ ಅಂದು ನನಗೆ ಗೊತ್ತಿರಲಿಲ್ಲ, ಗೊತ್ತಿದ್ದವರು ಹೇಳಲಿಲ್ಲ.

ಸರ್ಕಾರಿ ಆಸ್ಪತ್ರೆ ಆಟೋದಲ್ಲಿ ಹದಿನೈದು ನಿಮಿಷದ ದಾರಿ. ಅಲ್ಲಿಯೂ ಇದೇ ಕೂಗು, ಇದೇ ನಗು, ಇದೇ ಫಿನಾಯಿಲ್ ಎಂದುಕೊಂಡು ನಾನು ಹೋಗಲಿಲ್ಲ. ನನ್ನ ಬದುಕಿನಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಅದೇ. ಐದನೆಯ ದಿನ ಪೀರ್ ಎಜುಕೇಟರ್ ಮನೆಗೆ ಬಂದು ವಿಷಯ ಕೇಳಿ, ಏನೂ ಮಾತಾಡದೆ ನನ್ನ ಕೈ ಹಿಡಿದು ಕುಳಿತುಬಿಟ್ಟಳು. ಅನಂತರ ನಾನು ಯಾರ ಸಂಪರ್ಕಕ್ಕೂ ಹೋಗಲಿಲ್ಲ, ಆದರೂ ಪರೀಕ್ಷೆಯ ಹೆಸರೆತ್ತಿದರೆ ಆ ಕಾರಿಡಾರ್ ಕಣ್ಣಮುಂದೆ ಬರುತ್ತಿದ್ದುದರಿಂದ ಎಂಟು ತಿಂಗಳು ತಪ್ಪಿಸಿಕೊಂಡೆ. ಕೊನೆಗೆ ಸರ್ಕಾರಿ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಪಾಸಿಟಿವ್ ಬಂತು. ಅಲ್ಲಿನ ಕೌನ್ಸೆಲರ್ ಬಾಗಿಲು ಮುಂದೆ ಮಾಡಿ, ಮೊದಲು ನೀರು ಕೊಟ್ಟು, ಆಮೇಲೆ ಮಾತಾಡಿದರು. ಅಂದು ಬೆಳಿಗ್ಗೆ ನನಗೆ ಬೇಕಾಗಿದ್ದದ್ದೂ ಅಷ್ಟೇ.

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 2021ರ ಸಮೀಕ್ಷೆಯ ಪ್ರಕಾರ ನಮ್ಮ ಸಮುದಾಯದಲ್ಲಿ ಎಚ್‌ಐವಿ ಪ್ರಮಾಣ ಶೇ. 3.78, ದೇಶದ ವಯಸ್ಕರಲ್ಲಿ ಅದೇ ವರ್ಷ ಅದು ಶೇ. 0.21 ಎಂದು ಅಂದಾಜು. ಈ ಅಂತರ ನಮ್ಮ ಹುಟ್ಟಿನಿಂದ ಬಂದದ್ದಲ್ಲ. ಮನೆಯವರು ಹೊರಹಾಕಿ, ಕೆಲಸ ಕೊಡುವವರಿಲ್ಲದೆ ರಸ್ತೆಗಿಳಿದವರು, ಚೀಲದಲ್ಲಿ ಕಾಂಡೋಮ್ ಕಂಡರೆ ಪೊಲೀಸರು ಏನೆನ್ನುವರೋ ಎಂದು ಅಂಜುವವರು, ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುವವರು, ಇವರ ನಡುವೆ ಸೋಂಕು ಹರಡದೆ ಇನ್ನೇನಾದೀತು? ಕಾನೂನಿನ ಕಣ್ಣಿನಲ್ಲಿಯೂ ನಮ್ಮ ನೋವು ಕಡಿಮೆ ತೂಕದ್ದೇ: 2019ರ ತೃತೀಯ ಲಿಂಗಿಗಳ ಕಾಯ್ದೆಯಲ್ಲಿ ನಮ್ಮ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಇರುವ ಶಿಕ್ಷೆ 6 ತಿಂಗಳಿಂದ 2 ವರ್ಷ.

ಕಳಂಕ ಹೊರಗಿನವರಲ್ಲಿ ಮಾತ್ರ ಇದೆ ಎಂದು ನಾನು ಹೇಳುವುದಿಲ್ಲ. ಗುರು, ಶಿಷ್ಯೆಯರು ಒಟ್ಟಿಗೆ ಬಾಳುವ ನಮ್ಮ ಹಮಾಮಿನಲ್ಲಿಯೂ ವಿಷಯ ತಿಳಿದರೆ ತಟ್ಟೆ ಬೇರೆಯಾದೀತು, ಗುರು ಹೊರಗೆ ಕಳಿಸಿಯಾರು ಎಂಬ ಭಯದಿಂದ ಒಂದು ವರ್ಷ ಸೋಂಕಿನ ಚಿಕಿತ್ಸೆಯ ಮಾತ್ರೆಯ ಡಬ್ಬಿಯನ್ನು ಅಕ್ಕಿಯ ಡ್ರಮ್ಮಿನಲ್ಲಿ ಬಚ್ಚಿಟ್ಟಿದ್ದೆ, ಗುಳಿಗೆಗಳ ಸದ್ದು ಕೇಳಬಾರದೆಂದು ಅದರೊಳಗೆ ಹತ್ತಿ ತುರುಕಿದ್ದೆ. ಈಗ ಡಬ್ಬಿ ದೇವರ ಗೂಡಿನ ಪಕ್ಕದಲ್ಲಿದೆ. ದಿನಕ್ಕೊಂದು ಮಾತ್ರೆ, ನನ್ನ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾಗಿದೆ, ಹೀಗಿರುವವರೆಗೆ ಲೈಂಗಿಕ ಸಂಪರ್ಕದಿಂದ ನನ್ನಿಂದ ಇನ್ನೊಬ್ಬರಿಗೆ ಅದು ಹರಡುವುದಿಲ್ಲ.

ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಬಲವಂತ ನಡೆದರೆ ಬೆಳಗಾಗಲಿ ಎಂದು ಕಾಯದೆ ಜಿಲ್ಲಾಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, "ಪೆಪ್ ಬೇಕು" ಎಂದು ಅದೇ ಪದ ಬಳಸಿ ಕೇಳಿ. ಒಬ್ಬರೇ ಹೋಗಬೇಡಿ. ದಾರಿ ತಿಳಿಯದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಅದು ಉಚಿತ. ಒಂದು ಕಡೆ ಅವಮಾನವಾದರೆ ಅಳುತ್ತಲೇ ಆದರೂ ಎರಡನೆಯ ಕಡೆಗೆ ಹೋಗಿ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಸೋಂಕಿರುವವರ ವಿಷಯವನ್ನು ಬಯಲು ಮಾಡುವಂತಿಲ್ಲ, ಸೋಂಕಿನ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಚಿಕಿತ್ಸೆಯಲ್ಲಿ ಈ ಕಾಯ್ದೆ ಮುರಿದರೆ ಇಂತಹ ದೂರುಗಳನ್ನು ವಿಚಾರಿಸುವ ರಾಜ್ಯದ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಚೀಟಿ, ಬಿಲ್ಲು, ವರದಿ ಎಲ್ಲವನ್ನೂ ಇಟ್ಟುಕೊಳ್ಳಿ. ನಾನು ಅಂದಿನ ಸಿಟ್ಟಿನಲ್ಲಿ ಹರಿದು ಹಾಕಿದ್ದರಿಂದ ದೂರು ಕೊಡಲು ನನ್ನ ಬಳಿ ಏನೂ ಉಳಿದಿರಲಿಲ್ಲ.

ಕಳೆದ ಶ್ರಾವಣದಲ್ಲಿ ನಮ್ಮ ಮನೆಯ ಕಿರಿಯ ಚೇಲಾಗೂ (ಶಿಷ್ಯೆಗೂ) ಇಂತಹದೇ ರಾತ್ರಿ ಬಂತು. ಎರಡು ಗಂಟೆಗೆ ಅವಳನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ದೆ. ನರ್ಸ್ ಪರದೆ ಎಳೆದು, "ನಿಮ್ಮನ್ನು ಯಾವ ಹೆಸರಿನಿಂದ ಕರೆಯಲಿ?" ಎಂದು ಕೇಳಿದರು. ಅವಳು ಹೇಳಿದಳು. ಮೊದಲ ಮಾತ್ರೆ ನುಂಗುವಾಗ ಇನ್ನೂ ಮೂರು ಗಂಟೆ ಆಗಿರಲಿಲ್ಲ. ವಾಕರಿಕೆ ಬಂದರೂ ಬಿಡದೆ 28 ದಿನವೂ ತೆಗೆದುಕೊಂಡಳು. ಮೂರು ತಿಂಗಳ ಮೇಲಿನ ವರದಿಯನ್ನು ಮಡಚಿ ರವಿಕೆಯಲ್ಲಿ ಇಟ್ಟುಕೊಂಡು ಬಂದವಳು ಹೊಸ್ತಿಲ ಮೇಲೆಯೇ ನಿಂತು ಅದನ್ನು ನನ್ನ ಕೈಗೆ ಕೊಟ್ಟಳು, ನೆಗೆಟಿವ್ ಇತ್ತು.