ಕಾವುಗೂಡಿನ ರೆಡಿಮೇಡ್ ಸೆಟ್: ಪೆಟ್ಟಿಗೆ ಸರಿ, ಜಾಲರಿ ಬದಲಿಸಿ, ಥರ್ಮಾಮೀಟರ್ ಎತ್ತಿಡಿ

ಕಾವು ಕೂರುವ ಕೋಳಿಗೆಂದೇ ಮಾರುವ ಸೆಟ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಸಾಮಾನು ಇರುತ್ತದೆ. ಮುಚ್ಚಳವಿರುವ ಒಂದು ಗೂಡು, ಅದಕ್ಕೆ ತಗುಲಿದ ಜಾಲರಿಯ ಓಡಾಟದ ಅಂಕಣ, ನಾಲ್ಕಾರು ಸುಳ್ಳು ಮೊಟ್ಟೆ, ಮೊಟ್ಟೆಗೆ ಹಿಡಿದು ನೋಡುವ ಪುಟ್ಟ ಟಾರ್ಚು, ಮರಿಗಳ ನೀರಿನ ಬಟ್ಟಲು, ಮೇವಿನ ತಟ್ಟೆ. ಕೆಲವರು ಥರ್ಮಾಮೀಟರನ್ನೂ ಸೇರಿಸಿ ಕೊಡುತ್ತಾರೆ. ಮರಿ ಮಾಡುವುದು ಹೇಂಟೆಯೇ ಹೊರತು ಪೆಟ್ಟಿಗೆಯಲ್ಲ. ಆದ್ದರಿಂದ ಇಂಥ ಸೆಟ್ಟನ್ನು ಅಳೆಯಬೇಕಾದದ್ದು ಒಂದೇ ಅಳತೆಗೋಲಿನಿಂದ: ಇಪ್ಪತ್ತೊಂದು ದಿನ ಅದು ಕೋಳಿಯ ಕೆಲಸಕ್ಕೆ ಎಷ್ಟು ಕಡಿಮೆ ಅಡ್ಡ ಬರುತ್ತದೆ?

ಮೊದಲು ಗೂಡು. ಒಳಗಿನ ಅಳತೆ ಅಗಲ 35, ಆಳ 35, ಎತ್ತರ 40 ಸೆಂ.ಮೀ. ಇದ್ದರೆ ನಡುಗಾತ್ರದ ಹೇಂಟೆಗೆ ಸಾಕು. ಇದಕ್ಕಿಂತ ತುಂಬ ದೊಡ್ಡದಾದರೆ ಮೊಟ್ಟೆಗಳು ಮೂಲೆಗೆ ಉರುಳಿ ತಣ್ಣಗಾಗುತ್ತವೆ. ಮರದ ಪೆಟ್ಟಿಗೆಯೇ ಮೇಲು. ಪ್ಲಾಸ್ಟಿಕ್ಕಿನದು ತೊಳೆಯಲು ಸುಲಭ ಎನ್ನುವುದು ನಿಜ, ಆದರೆ ಬಿಸಿಲು ತಾಗುವಲ್ಲಿ ಇಟ್ಟರೆ ಒಳಗೆ ಒಲೆಯಾಗುತ್ತದೆ. ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತಿದೆ ಎಂದರೆ ಗಾಳಿ ಸಾಲದು ಎಂದೇ ಅರ್ಥ. ಗಾಳಿಕಿಂಡಿಗಳು ಗೋಡೆಯ ಮೇಲ್ಭಾಗದಲ್ಲಿ, ಮುಚ್ಚಳದ ಹತ್ತಿರ ಇರಬೇಕು. ಕೆಲವು ಪೆಟ್ಟಿಗೆಗಳಲ್ಲಿ ಅವನ್ನು ಕೋಳಿ ಕೂರುವ ಎತ್ತರಕ್ಕೇ ಕೊರೆದಿರುತ್ತಾರೆ. ಅಲ್ಲಿಂದ ಬರುವ ಗಾಳಿ ನೇರ ಮೊಟ್ಟೆಗೆ ಬಡಿಯುತ್ತದೆ, ಬೆಳಕೂ ನುಗ್ಗುತ್ತದೆ. ಕಾವಿಗೆ ಬೇಕಾದದ್ದು ಮಬ್ಬುಗತ್ತಲೆ.

ಬಾಗಿಲು ಎಲ್ಲಿದೆ ಎಂಬುದನ್ನು ಕೊಳ್ಳುವ ಮುಂಚೆಯೇ ನೋಡಿ. ಬರೀ ಮೇಲಿನ ಮುಚ್ಚಳ ತೆರೆಯುವ ಗೂಡು ಬೇಡ. ತಲೆಯ ಮೇಲಿಂದ ಕೈ ಇಳಿದರೆ ಕೋಳಿಗೆ ಅದು ಹದ್ದೇ. ಬೆದರಿ ಎದ್ದು ನಿಂತಾಗ ಕಾಲಡಿ ಒಂದೆರಡು ಮೊಟ್ಟೆ ಒಡೆಯುತ್ತವೆ, ಒಡೆದ ಲೋಳೆ ಉಳಿದವುಗಳ ಸಿಪ್ಪೆಗೆ ಅಂಟಿ ರಂಧ್ರಗಳನ್ನು ಮುಚ್ಚುತ್ತದೆ. ಮುಂದಿನಿಂದ ತೆರೆಯುವ ಬಾಗಿಲಿದ್ದರೆ ಈ ರಾದ್ಧಾಂತವಿಲ್ಲ. ಕಾವಿನ ಕೋಳಿ ದಿನಕ್ಕೊಮ್ಮೆ, ಕಾಲು ಗಂಟೆಯಿಂದ ಅರ್ಧ ಗಂಟೆ, ಎದ್ದು ಬಂದು ತಿಂದು ಕುಡಿದು ಮಣ್ಣಿನಲ್ಲಿ ಹೊರಳಾಡಿ ಹೋಗುತ್ತದೆ. ಇಡೀ ದಿನ ತಡೆಹಿಡಿದ ಹಿಕ್ಕೆಯನ್ನು ಆಗ ಒಮ್ಮೆಲೇ ಹಾಕುತ್ತದೆ, ಅದರ ನಾತ ಬೇರೆಯದೇ. ಬಾಗಿಲು ಮುಚ್ಚಿಟ್ಟರೆ ಅದೆಲ್ಲ ಮೊಟ್ಟೆಯ ಮೇಲೆಯೇ ಬೀಳುತ್ತದೆ.

ಹೊಸ್ತಿಲ ಪಟ್ಟಿಯ ಬಗ್ಗೆ ತಯಾರಕರು ಯೋಚಿಸುವುದೇ ಕಡಿಮೆ. ಕಾವಿನ ಕಾಲದಲ್ಲಿ 10 ಸೆಂ.ಮೀ. ಎತ್ತರದ ಪಟ್ಟಿ ಬೇಕು, ಇಲ್ಲದಿದ್ದರೆ ಹುಲ್ಲೂ ಮೊಟ್ಟೆಯೂ ಹೊರಗೆ ಬರುತ್ತವೆ. ಆದರೆ ಮರಿ ಒಡೆದ ಮೇಲೆ ಅದೇ ಪಟ್ಟಿ ಗೋಡೆಯಾಗುತ್ತದೆ. ಹೊರಗೆ ಬಿದ್ದ ಮರಿ ಒಳಗೆ ಹತ್ತಲಾರದೆ ಚಿಂವ್‌ಗುಟ್ಟುತ್ತ ರಾತ್ರಿಯ ಚಳಿಗೆ ಸಾಯುತ್ತದೆ, ತಾಯಿ ಉಳಿದವನ್ನು ಬಿಟ್ಟು ಬರುವುದಿಲ್ಲ. ಪಟ್ಟಿ ಕಳಚಿ ತೆಗೆಯುವಂತಿದ್ದರೆ ಆ ಸೆಟ್ಟಿಗೆ ಒಂದು ಅಂಕ ಜಾಸ್ತಿ ಕೊಡಬಹುದು. ಇಲ್ಲವಾದರೆ 18ನೇ ದಿನದ ಹೊತ್ತಿಗೆ ಹೊಸ್ತಿಲ ಹೊರಗೆ ಮಣ್ಣು ಏರಿಸಿ ಇಳಿಜಾರು ಮಾಡಿ. ನಾಲ್ಕು ಕಾಲಿನ ಮೇಲೆ ನಿಂತು ಏಣಿಯಿರುವ ಚೆಂದದ ಗೂಡುಗಳೂ ಇವೆ. ನೋಡಲು ಬೊಂಬೆಮನೆಯಂತಿರುತ್ತವೆ, ಮೊಟ್ಟೆಯಿಡುವ ಕೋಳಿಗಾದರೆ ಆದೀತು. ಕಾವಿಗೆ ಮಾತ್ರ ಕೊಳ್ಳಬೇಡಿ.

ತಳದ ಮಾತು. ಗೂಡಿನೊಳಗೂ ತಂತಿ ಜಾಲರಿ ಹಾಸಿ ಕೆಳಗೆ ಎಳೆಯುವ ತಟ್ಟೆ ಕೊಟ್ಟಿದ್ದರೆ ಜಾಲರಿಯನ್ನು ಕಿತ್ತು ಹಲಗೆ ಹಾಕಿ. ತಂತಿಯ ಮೇಲೆ ಮೊಟ್ಟೆ ಬಿರುಕು ಬಿಡುತ್ತದೆ, ತಳದಿಂದ ತಣ್ಣಗಾಗುತ್ತದೆ. ಹಲಗೆಯ ಮೇಲೆ 5ರಿಂದ 7 ಸೆಂ.ಮೀ. ದಪ್ಪ, ಹಿಡಿದರೆ ಉಂಡೆಯಾಗುವಷ್ಟು ಮಾತ್ರ ತೇವದ ಮಣ್ಣು ಹಾಕಿ, ನಾಲ್ಕೂ ಮೂಲೆ ತುಂಬಿ, ನಡುವೆ ಊಟದ ತಟ್ಟೆಯಷ್ಟು ತಗ್ಗು ಮಾಡಿ. ಬೋಗುಣಿಯಷ್ಟು ಆಳ ಮಾಡಿದರೆ ಮೊಟ್ಟೆಗಳು ಒಂದರ ಮೇಲೊಂದು ಏರಿ ಒಡೆಯುತ್ತವೆ. ಮೇಲೆ ಗೇಣುದ್ದಕ್ಕೆ ಕತ್ತರಿಸಿದ ಒಣಹುಲ್ಲು. ಉದ್ದ ಹುಲ್ಲು ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ನುಣುಪು ಕಾಗದವಂತೂ ಬೇಡವೇ ಬೇಡ: ಜಾರಿ ಜಾರಿ ಮರಿಯ ಕಾಲುಗಳು ಎರಡು ಕಡೆ ಚಾಚಿಕೊಂಡು ಅಲ್ಲಿಗೇ ಕುಂಟಾಗುತ್ತವೆ.

ಅಂಕಣದ ಜಾಲರಿಯೇ ಈ ಸೆಟ್‌ಗಳ ದೊಡ್ಡ ದೋಷ. ಆರು ಮೂಲೆಯ ತೆಳು ಕೋಳಿಬಲೆ, ಕಣ್ಣು 25 ಮಿ.ಮೀ. ಅಥವಾ ಇನ್ನೂ ದೊಡ್ಡದು. ಅದರ ಉದ್ದೇಶ ದೊಡ್ಡ ಕೋಳಿಯನ್ನು ಒಳಗಿಡುವುದಷ್ಟೇ. ಮೊದಲ ವಾರದ ಮರಿ ಆ ಕಣ್ಣಲ್ಲಿ ನುಸುಳಿ ಹೊರಗೆ ಹೋಗುತ್ತದೆ, ಎಳೆಯ ಇಲಿ, ಸಣ್ಣ ಹಾವು ಒಳಗೆ ಬರುತ್ತವೆ, ನಾಯಿ ಹಲ್ಲು ಹಾಕಿದರೆ ಹರಿದೇ ಹೋಗುತ್ತದೆ. 12 ಮಿ.ಮೀ. ಚೌಕ ಕಣ್ಣಿನ ಬೆಸೆದ ಜಾಲರಿಗೆ ಬದಲಿಸಿ, ತಂತಿ ಸುಮಾರು 1 ಮಿ.ಮೀ. ದಪ್ಪವಿರಲಿ. ಸ್ಟೇಪಲ್ ಪಿನ್ನುಗಳನ್ನು ನಂಬಬೇಡಿ, ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ. ಅಂಕಣದ ಸುತ್ತ ನೆಲದ ಮೇಲೆ ಹೊರಮುಖವಾಗಿ 30 ಸೆಂ.ಮೀ. ಅಗಲದ ಜಾಲರಿ ಹಾಸಿ ಕಲ್ಲಿಟ್ಟರೆ ಬಿಲ ತೋಡಿ ಬರುವ ಪ್ರಾಣಿ ಅಲ್ಲೇ ತಡವರಿಸುತ್ತದೆ. ಚಿಲಕ ತಿರುಗಿಸುವ ಮರದ ತುಂಡಾಗಿದ್ದರೆ ಅದಕ್ಕೊಂದು ಕೊಕ್ಕೆಯನ್ನೂ ಸೇರಿಸಿ.

ಸುಳ್ಳು ಮೊಟ್ಟೆ ಆಟಿಕೆಯಂತೆ ಕಂಡರೂ ನಿಜಕ್ಕೂ ಉಪಯೋಗದ ವಸ್ತು. ಪಿಂಗಾಣಿಯದಾದರೆ ಒಳ್ಳೆಯದು, ಟೊಳ್ಳು ಪ್ಲಾಸ್ಟಿಕ್ ಹಗುರವಾಗಿ ಉರುಳಾಡುತ್ತದೆ. ಹಗಲೂ ರಾತ್ರಿ ಗೂಡು ಬಿಡದೆ, ಮುಟ್ಟಹೋದರೆ ಗರಿ ಕೆದರಿ ಗುರುಗುಟ್ಟುವ, ಎದೆಯ ಗರಿ ಉದುರಿಸಿಕೊಂಡ ಹೇಂಟೆಯನ್ನು ಕತ್ತಲಾದ ಮೇಲೆ ಎತ್ತಿ ತಂದು ಹೊಸ ಗೂಡಿನ ಸುಳ್ಳು ಮೊಟ್ಟೆಗಳ ಮೇಲೆ ಕೂರಿಸಿ. ಎರಡು ಮೂರು ದಿನ ಗಟ್ಟಿಯಾಗಿ ಕೂತರೆ ಆ ರಾತ್ರಿಯೇ ಅವನ್ನು ತೆಗೆದು ಅಸಲಿ ಮೊಟ್ಟೆ ಇಡಿ, ಎಲ್ಲವನ್ನೂ ಒಂದೇ ಸಲ. ದಿನಕ್ಕೊಂದರಂತೆ ಸೇರಿಸಿದರೆ ಮೊದಲ ಮರಿಗಳು ಎದ್ದ ಒಂದೆರಡು ದಿನಕ್ಕೆ ತಾಯಿ ಅವುಗಳ ಜತೆ ಹೊರಡುತ್ತದೆ, ಹಿಂದೆ ಬಿದ್ದ ಮೊಟ್ಟೆಗಳೊಳಗಿನ ಮರಿ ತಣ್ಣಗಾಗಿ ಸಾಯುತ್ತದೆ. ಬಿಳಿ ಲೆಗ್‌ಹಾರ್ನ್‌ನಂಥ ತಳಿಗೆ ಕಾವಿನ ಗುಣ ಹೋಗಿಯೇಬಿಟ್ಟಿದೆ, ಯಾವ ಗೂಡು ತಂದರೂ ಅದು ಕೂರುವುದು ಅಪರೂಪ. ಸಿಲ್ಕಿ, ಕೊಚಿನ್, ಅಸೀಲ್ ಹೇಂಟೆಗಳಿಗೆ ಪುಸಲಾಯಿಸಬೇಕಿಲ್ಲ.

ಪೆಟ್ಟಿಗೆಯ ಮೇಲೆ ‘20 ಮೊಟ್ಟೆ’ ಎಂದು ಅಚ್ಚಾಗಿದ್ದರೆ ಅದು ಹಲಗೆಯ ಲೆಕ್ಕ, ಕೋಳಿಯದಲ್ಲ. ನಡುಗಾತ್ರದ ಹೇಂಟೆಗೆ 10ರಿಂದ 12, ಗಿಡ್ಡ ತಳಿಗೆ 5–6. ಕೂತಾಗ ಅಂಚಿನಲ್ಲಿ ಒಂದೂ ಮೊಟ್ಟೆ ಇಣುಕಬಾರದು. ಹೆಚ್ಚಾದರೆ ಕೆಡುವುದು ಹೆಚ್ಚಾದ ಆ ಒಂದೆರಡು ಮಾತ್ರವಲ್ಲ: ಕೋಳಿ ದಿನವೂ ಕೊಕ್ಕಿನಿಂದ ಮೊಟ್ಟೆಗಳನ್ನು ಒಳಗೆ ಹೊರಗೆ ತಿರುವುತ್ತಿರುತ್ತದೆ, ಹಾಗಾಗಿ ಪ್ರತಿ ಮೊಟ್ಟೆಗೂ ಅಂಚಿನಲ್ಲಿ ತಣ್ಣಗಾಗುವ ಸರದಿ ಬರುತ್ತದೆ. ಇಡುವ ಮೊಟ್ಟೆ ಏಳು ದಿನದೊಳಗಿನದು, ತೊಳೆಯದ್ದು, ಚೂಪು ತುದಿ ಕೆಳಗಾಗಿ ತಂಪಿನಲ್ಲಿ ಇಟ್ಟದ್ದಾಗಿರಲಿ. ಪ್ರತಿಯೊಂದಕ್ಕೂ ಪೆನ್ಸಿಲ್ ಗೆರೆ ಎಳೆಯಿರಿ. ಬೇರೆ ಹೇಂಟೆ ಬಂದು ಇಟ್ಟುಹೋದ ಮೊಟ್ಟೆ ಗುರುತಿಲ್ಲದೆ ಸಿಗುತ್ತದೆ, ಅದನ್ನು ಅಡುಗೆಮನೆಗೆ ಕಳಿಸಬಹುದು.

ಟಾರ್ಚು ಚಿಕ್ಕದಾದರೂ ಕೆಲಸಕ್ಕೆ ಬರುತ್ತದೆ. ತುದಿಯಲ್ಲಿ ರಬ್ಬರ್ ಬಳೆ ಇದ್ದು ಬೆಳಕು ಪಕ್ಕಕ್ಕೆ ಸೋರದಿದ್ದರೆ ಸಾಕು, ಆದರೆ ಕಡುಕಂದು ಸಿಪ್ಪೆಗೆ ಅಗ್ಗದ ಟಾರ್ಚು ಸೋಲುತ್ತದೆ. ಏಳನೇ ದಿನ ರಾತ್ರಿ ದಪ್ಪ ತುದಿಗೆ ಹಿಡಿದು ನೋಡಿ. ಜೇಡನ ಕಾಲಿನಂತೆ ಹರಡಿದ ಕೆಂಪು ನರಗಳು ಕಂಡರೆ ಜೀವವಿದೆ. ಒಳಗೆಲ್ಲ ತಿಳಿಯಾಗಿದ್ದರೆ ಬಂಜೆ. ಕೆಂಪು ಉಂಗುರ ಮಾತ್ರ ಕಂಡರೆ ಶುರುವಾಗಿ ಸತ್ತದ್ದು. ಈ ಎರಡನ್ನೂ ತೆಗೆಯಿರಿ, ಸತ್ತದ್ದು ಕಾವಿನಲ್ಲಿ ಕೊಳೆತು ಒಡೆದರೆ ಇಡೀ ಗೂಡು ಕೆಡುತ್ತದೆ. ಹದಿನಾಲ್ಕನೇ ದಿನ ಇನ್ನೊಮ್ಮೆ. ಹದಿನೆಂಟರ ನಂತರ ಟಾರ್ಚು ಎತ್ತಿಡಿ. ಮರಿ ಆಗ ಹೊರಬರುವ ಭಂಗಿಗೆ ತಿರುಗುತ್ತಿರುತ್ತದೆ. ಸಿಪ್ಪೆಗೆ ಮೊದಲ ತೂತು ಬಿದ್ದ ಮೇಲೆ ಪೂರ್ತಿ ಹೊರಬರಲು 12ರಿಂದ 24 ಗಂಟೆ ಹಿಡಿಯಬಹುದು. ತಡವಾಯಿತೆಂದು ಸಿಪ್ಪೆ ಸುಲಿದರೆ ಒಳಪೊರೆಯ ರಕ್ತನಾಳ ಹರಿದು ಮರಿ ಸಾಯುತ್ತದೆ.

ಥರ್ಮಾಮೀಟರಿನ ಬಗ್ಗೆ ಹೇಳಲು ಹೆಚ್ಚಿಲ್ಲ. 37.5 ಡಿಗ್ರಿ, ಇಷ್ಟು ತೇವಾಂಶ ಎಂಬ ಲೆಕ್ಕವೆಲ್ಲ ಇಂಕ್ಯುಬೇಟರಿನದು. ಕೋಳಿಗೆ ಅದನ್ನು ಓದಿ ಹೇಳುವವರು ಬೇಕಿಲ್ಲ.

ನೀರಿನ ಬಟ್ಟಲು ಡಬ್ಬಿ ಬೋರಲು ಹಾಕಿ ತಿರುಗಿಸುವ ಬಗೆಯದು. ತಾಯಿ ಕೆದಕುವ ರಭಸಕ್ಕೆ ಅರ್ಧ ದಿನದಲ್ಲಿ ಮಣ್ಣು ತುಂಬುತ್ತದೆ. ಇಟ್ಟಿಗೆಯ ಮೇಲಿಟ್ಟರೆ ಮರಿಗೆ ಎಟುಕದು. ಚಪ್ಪಟೆ ಹಲಗೆಯ ಮೇಲಿಟ್ಟು ತೋಡಿಗೆ ಗೋಲಿಗಾತ್ರದ ಬೆಣಚುಕಲ್ಲು ಹಾಕಿ, ಕಲ್ಲಿನ ಸಂದಿಯಲ್ಲಷ್ಟೇ ನೀರು ಕಾಣುವಂತಿರಲಿ. ಇಲ್ಲದಿದ್ದರೆ ಮೊದಲ ವಾರದ ಮರಿ ಅದರಲ್ಲೇ ಬಿದ್ದು ನೆನೆದು ಸಾಯುತ್ತದೆ. ಮೇವಿನ ತಟ್ಟೆಗೆ ಮರಿಗಳ ಸ್ಟಾರ್ಟರ್ ಆಹಾರ ಹಾಕಿ, ತಾಯಿಯೂ ಅದನ್ನೇ ತಿನ್ನಲಿ. ಮೊಟ್ಟೆಕೋಳಿಯ ಆಹಾರದಲ್ಲಿ ಶೇ. 3.5–4ರಷ್ಟು ಕ್ಯಾಲ್ಸಿಯಂ ಇರುತ್ತದೆ, ಮರಿಗಳ ಮೂತ್ರಪಿಂಡಕ್ಕೆ ಅದು ಹೊರೆ. ಮರಿ ಸಾಕುವ ತಾಯಿ ಮೊಟ್ಟೆ ಇಡುತ್ತಿಲ್ಲವಾದ್ದರಿಂದ ಅದಕ್ಕೂ ಸದ್ಯ ಅಷ್ಟು ಬೇಕಿಲ್ಲ.

ಅಂಕಣವನ್ನು ಗೂಡಿನಿಂದ ಬಿಡಿಸಿ ಒಬ್ಬರೇ ಎತ್ತಿಡಲು ಬರುತ್ತದೆಯೇ ನೋಡಿ. ಮರಿಗಳಾದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಅದನ್ನು ಹೊಸ ನೆಲಕ್ಕೆ ಸರಿಸಬೇಕು. ಒಂದೇ ಕಡೆ ಹಿಕ್ಕೆ, ಚೆಲ್ಲಿದ ನೀರು ಸೇರಿ ನೆಲ ಹಸಿಯಾದರೆ ಮೂರರಿಂದ ಆರು ವಾರದ ಮರಿಗಳಿಗೆ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಬರುತ್ತದೆ: ರೆಕ್ಕೆ ಜೋಲು, ಗುಮ್ಮನೆ ಕೂರುವುದು, ರಕ್ತದ ಹಿಕ್ಕೆ. ಅಷ್ಟರಲ್ಲಿ ಪಶುವೈದ್ಯರ ಬಳಿ ಓಡಬೇಕಾಗುತ್ತದೆ. ತಾಯಿ ಐದರಿಂದ ಎಂಟು ವಾರದವರೆಗೆ ಮರಿಗಳನ್ನು ರೆಕ್ಕೆಯಡಿ ಇಟ್ಟುಕೊಂಡು ಆಮೇಲೆ ಕುಕ್ಕಿ ದೂರ ಮಾಡುತ್ತದೆ. ಅಲ್ಲಿಯವರೆಗೂ ಅಂಕಣ ಬೇಕು. ಒಂದು ಚದರ ಮೀಟರಿಗಿಂತ ಚಿಕ್ಕದಾದರೆ ಎರಡನೇ ವಾರಕ್ಕೇ ಇಕ್ಕಟ್ಟು.

ಸೆಟ್ಟಿನಲ್ಲಿ ಇರಲೇಬೇಕಾಗಿದ್ದು, ಆದರೆ ಸಾಮಾನ್ಯವಾಗಿ ಇಲ್ಲದ್ದು ಹೇನು–ನುಸಿಯ ಪುಡಿ. ಕೆಂಪು ನುಸಿ ಹಗಲು ಹಲಗೆಯ ಸಂದಿಯಲ್ಲಿ ಅಡಗಿ ರಾತ್ರಿ ಬಂದು ರಕ್ತ ಹೀರುತ್ತದೆ. ಗಟ್ಟಿಯಾಗಿ ಕೂತಿದ್ದ ಕೋಳಿ ಹತ್ತನೇ ದಿನ ಇದ್ದಕ್ಕಿದ್ದಂತೆ ಗೂಡು ಬಿಟ್ಟು ಎದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ರಾತ್ರಿ ಬಿಳಿ ಬಟ್ಟೆಯನ್ನು ಸಂದಿಗಳ ಉದ್ದಕ್ಕೂ ಒರಸಿ ನೋಡಿ, ಕೆಂಪು ಚುಕ್ಕೆ ಹತ್ತಿದರೆ ಅದೇ. ಕೋಳಿಗೆಂದೇ ಇರುವ ಪುಡಿಯನ್ನು ಕೂರಿಸುವ ದಿನ ರೆಕ್ಕೆಯಡಿ, ಬಾಲದ ಬುಡಕ್ಕೆ ಹಚ್ಚಿ, ಹತ್ತು ದಿನದ ಮೇಲೆ ಇನ್ನೊಮ್ಮೆ. ಮರಿ ಒಡೆಯುವ ಹೊತ್ತಿಗೆ ಬೇಡ. ಮರದ ಪೆಟ್ಟಿಗೆಯ ಒಂದೇ ದೌರ್ಬಲ್ಯ ಈ ಸಂದಿಗಳು. ನುಸಿ ಆಹಾರವಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ, ಗೂಡು ಖಾಲಿ ಬಿಟ್ಟ ಮಾತ್ರಕ್ಕೆ ಹೋಗುವುದಿಲ್ಲ. ಒಂದು ಸರದಿ ಮುಗಿದ ಕೂಡಲೇ ಹುಲ್ಲು ಮಣ್ಣು ಸುಟ್ಟುಹಾಕಿ, ಹಲಗೆ ಬಿಚ್ಚಿ, ಸಂದಿಗಳಿಗೆ ಕುದಿನೀರು ಹೊಯ್ದು ಬಿಸಿಲಿಗೆ ಒಣಗಿಸಿ, ಸುಣ್ಣ ಬಳಿದಿಡಿ. ಮೊಳೆಯ ಬದಲು ಸ್ಕ್ರೂ ಹಾಕಿ ಜೋಡಿಸಿದ ಪೆಟ್ಟಿಗೆಯನ್ನೇ ಆರಿಸಿ ಎನ್ನುವುದು ಇದಕ್ಕೇ.